ಎತ್ತಿನ ಪಾಲಿನ ಬೆಲ್ಲ

ಟಿಣ್, ಟಿಣ್ ಟಿಣ್, ಟಿಣ್. ಒಲೆಯ ಮೇಲಿನ ಪಾತ್ರೆಯಲ್ಲಿ ನನ್ನ ಗಾಜಿನ ಸಿರಿಂಜ್ ಕುದಿನೀರಿನ ಜೊತೆ ಕುಣಿಯುತ್ತ ಮಾಡುತ್ತಿದ್ದ ಸಪ್ಪಳ ಇದು. ಬಾಜೂಕೆ ರೊಟ್ಟಿ ಬಡಿಯುತ್ತ ಕೂತ ನೀಲತ್ತಿಯ ಅಂಗೈ ಸಪ್ಪಳವೂ ಅದರೊಳಗೆ ಸೇರಿಕೊಂಡರೆ ಬೆಳಗಿನ ಆ ಅಡಿಗೆಮನೆ ಒಂದು ಸಣ್ಣ ಬ್ಯಾಂಡ್‌ಸೆಟ್ಟಿನ ಹಾಗೆ ಕೇಳಿಸುತ್ತಿತ್ತು. ಈಗ ನನ್ನ ಇನ್ಸುಲಿನ್ ಪೆನ್ನಿನ ಆಕಾರಕ್ಕೆ ಬಂದಿದೆ. ಒತ್ತಿದರೆ ಕ್ಲಿಕ್ ಅನ್ನುತ್ತದೆ, ಅಷ್ಟೇ. ಹಳೆಯ ಸಪ್ಪಳವನ್ನು ಮಿಸ್ ಮಾಡುತ್ತೇನೆ ಅಂದರೆ ಡಾಕ್ಟರು ನಗುತ್ತಾರೆ.

ನಾನು ಬರೆಯುತ್ತಿರುವುದು ಪರದೇಶದ ಪ್ರವಾಸದ ಬಗ್ಗೆಯೇ. ಆದರೆ ಉಲ್ಟಾ. ನೀವೆಲ್ಲ ಇಲ್ಲಿಂದ ಅಬ್ರಾಡ್ ಹೋಗಿ ಬಂದು ಅಲ್ಲಿಯ ಹಿಮ, ಅಲ್ಲಿಯ ಮ್ಯೂಸಿಯಂ ಅಂತ ಬರೆಯುತ್ತೀರಿ. ನಾನು ಹುಟ್ಟಿ ಬೆಳೆದದ್ದು ಪೂರ್ವ ಆಫ್ರಿಕಾದ ಕಿಸುಮು ಎಂಬ ಊರಿನಲ್ಲಿ, ಸಮುದ್ರದಂಥ ಒಂದು ಸರೋವರದ ದಂಡೆಯ ಮೇಲೆ. ಅಪ್ಪ ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯವರು. ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿನಲ್ಲಿ ಫಿಟ್ಟರ್ ಕೆಲಸ ಕಲಿತು, ಅಲ್ಲಿಯ ಜಿನ್ನಿಗೆ ಅಂತ ಹಡಗು ಹತ್ತಿದವರು ಅಲ್ಲಿಯೇ ಉಳಿದುಬಿಟ್ಟರು. ನನಗೆ ಇಂಗ್ಲಿಷ್ ಕಲಿಸಿದ್ದು ಕಾನ್ವೆಂಟಿನ ಐರಿಷ್ ಸಿಸ್ಟರ್‌ಗಳು; ಕನ್ನಡ ಕಲಿಸಿದ್ದು ಅವ್ವ ಅಕ್ಷರ ತಿದ್ದಿಸಿದ ಉಸುಕಿನ ತಟ್ಟೆ ಮತ್ತು ಅಪ್ಪನ ಬೈಗುಳ. ಹೀಗಾಗಿ ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಾನು ಮಾಡಿದ ಫಾರಿನ್ ಟ್ರಿಪ್ ಎಂದರೆ ಧಾರವಾಡ ಜಿಲ್ಲೆ.

ಹದಿನೇಳರ ವಯಸ್ಸಿನಿಂದ ನನಗೆ ಡಯಾಬಿಟಿಸ್. ವಯಸ್ಸಾದವರಿಗೆ ಬರುವಂಥದ್ದಲ್ಲ, ಟೈಪ್ ಒನ್. ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟುಬಿಡುತ್ತದೆ, ದಿನಾ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿದು ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಹುಚ್ಚುಹುಚ್ಚು ಮಾತು, ಅದರಾಚೆ ಎಚ್ಚರ ತಪ್ಪುವುದು. ಆಗ ಸಕ್ಕರೆಯೇ ಮದ್ದು. ಉಳಿದ ಹೊತ್ತೆಲ್ಲ ಯಾವುದನ್ನು ದೂರ ಇಡುತ್ತೇವೋ ಅದನ್ನೇ ಆಗ ಓಡಿ ಹೋಗಿ ಬಾಯಿಗೆ ಹಾಕಿಕೊಳ್ಳಬೇಕು. ಇದನ್ನು ಬೇರೆಯವರಿಗೆ ತಿಳಿಸಿ ಹೇಳುವುದು ಮಾತ್ರ ಫ್ರಾಂಕ್ಲಿ ರೋಗಕ್ಕಿಂತ ಕಷ್ಟ.

ಅಪ್ಪ ತೀರಿಕೊಂಡ ವರ್ಷ ನಾನು ಹಟ ಹಿಡಿದೆ. ಅವರ ಊರಲ್ಲಿ, ಅವರ ಅಕ್ಕ ನೀಲತ್ತಿಯ ಮನೆಯಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆ ಅಂತ. ಊರನ್ನು ನಾನು ಕಂಡಿರಲಿಲ್ಲ. ಆದರೆ ಅಪ್ಪ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಹೊಲಗಳ ಹೆಸರು ಒಂದೊಂದೂ ಬಾಯಿಪಾಠ ಇತ್ತು. ನನ್ನ ಗಂಡ ವಸಂತ ಶಾಲೆಯಲ್ಲಿ ಗಣಿತ ಕಲಿಸುವವನು, ಎಲ್ಲದಕ್ಕೂ ಷರತ್ತು ಹಾಕುವವನು. "ಒಂದೇ ಒಂದು ಸಲ ಸಕ್ಕರೆ ಕುಸಿದು ಬಿದ್ದರೂ ಮರುದಿನವೇ ಗಂಟು ಕಟ್ಟಿ ವಾಪಸ್. ಪ್ರಾಮಿಸ್?" ಅಂದ. ಪ್ರಾಮಿಸ್ ಮಾಡಿ ಹೊರಟೆ. ನನ್ನ ಒಂದು ತಿಂಗಳು ಆ ಮಾತಿನ ಮೇಲೆ ನಿಂತಿತ್ತು.

ಅಣ್ಣಿಗೇರಿ ಸ್ಟೇಷನ್

ಕಿಸುಮುವಿನಲ್ಲಿ ಅತಿಥಿ ಬಂದರೆ ಮೊದಲು ಕೈ ಕುಲುಕುತ್ತಾರೆ, ಆಮೇಲೆ ನಿನ್ನ ಕುರಿ ಹೇಗಿದೆ, ಮಳೆ ಹೇಗಿದೆ ಅಂತ ಬಹಳ ಹೊತ್ತು ವಿಚಾರಿಸುತ್ತಾರೆ. ಅಣ್ಣಿಗೇರಿ ಪ್ಲಾಟ್‌ಫಾರ್ಮಿನ ಮೇಲೆ ನೀಲತ್ತಿ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಎದುರಿಗೆ ಬಂದವಳೇ ಕುಕ್ಕರಗಾಲಿನಲ್ಲಿ ಕೂತು ನನ್ನ ಸೀರೆಯ ನೆರಿಗೆ ಎತ್ತಿದಳು.

"ಅತ್ತಿ! ಏನಿದು?"

"ಕಾಲು ತೋರಸು ಸುಮ್ನ."

ಎರಡೂ ಪಾದಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳುಗಳನ್ನು ಬಿಡಿಸಿ ನೋಡಿ, ಹಿಂದೆ ನಿಂತಿದ್ದ ಗಂಡನಿಗೆ ಕೂಗಿ ಹೇಳಿದಳು: "ಎರಡೂ ಅದಾವ್ರಿ! ನೆಟ್ಟಗದಾವು!" ಆಮೇಲೆ ಎದ್ದು ನಿಂತು ನನ್ನನ್ನು ತಬ್ಬಿಕೊಂಡು ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ ಅತ್ತಳು.

ಕಾರಣ ಆಮೇಲೆ ತಿಳಿಯಿತು. ಆ ಊರಿನಲ್ಲಿ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದಿದ್ದರು. ಊರಿನ ಮಟ್ಟಿಗೆ 'ಸಕ್ಕರಿ ಬ್ಯಾನಿ' ಅಂದರೆ ಕದ್ದು ಸಿಹಿ ತಿನ್ನುವ ಮುದುಕರಿಗೆ ಬರುವಂಥದ್ದು, ಮೊದಲು ಕಾಲು ತೆಗೆದುಕೊಂಡು ಹೋಗುವಂಥದ್ದು. ನನಗೋ ಆಗ ಮೂವತ್ತೆರಡು.

ಅತ್ತಿಯ ಗಂಡ ಫಕ್ಕೀರಪ್ಪ ಮಾಮಾ ಮಾತು ಕಡಿಮೆಯ ಮನುಷ್ಯ. ಸ್ಟೇಷನ್ನಿನ ಹೊರಗೆ ಚಕ್ಕಡಿಯ ಹತ್ತಿರ ಹೋದ ಮೇಲೆ ಎತ್ತುಗಳ ಕೊರಳು ತಟ್ಟಿ, "ಇಂವ ಬಸ್ಯಾ. ಇಂವ ಕರಿಯಾ," ಎಂದು ಪರಿಚಯ ಮಾಡಿಕೊಟ್ಟ. ತನ್ನ ಹೆಸರು ಹೇಳಲಿಲ್ಲ. ನಾನು ಶಿಸ್ತಾಗಿ, "ಆರಾಮ ಅದೀರೇನ್ರಿ ಮಾಮಾ? ಪ್ರಯಾಣದಾಗ ಏನೂ ತೊಂದರಿ ಆಗಲಿಲ್ರಿ," ಎಂದೆ. ಮಾಮಾ ಅತ್ತಿಯ ಕಡೆ ತಿರುಗಿ, "ಆಫ್ರಿಕಾದಾಕಿ ಅಂದಿ. ಇಕಿ ಮಾತು ಕೇಳಿದ್ರ ನಮ್ಮಜ್ಜಿ ಎದ್ದು ಬಂದಂಗ ಆತಲ್ಲ!" ಎಂದ. ಅಪ್ಪ ಊರು ಬಿಟ್ಟ ಕಾಲದ ಕನ್ನಡವೇ ಕಿಸುಮುವಿನ ನಮ್ಮ ಮನೆಯಲ್ಲಿ ಹಾಗೇ ಉಳಿದಿತ್ತು.

ನೀಲತ್ತಿಯ ಮನೆ

ಮೊದಲ ದಿನವೇ ಅತ್ತಿಯನ್ನೂ ಅವಳ ಸೊಸೆ ಶಾಂತವ್ವನನ್ನೂ ಎದುರಿಗೆ ಕೂಡಿಸಿಕೊಂಡು ಪಾಠ ಮಾಡಿದೆ. ಹೋಮ್ ಸೈನ್ಸಿನಲ್ಲಿ ನನಗೆ ಡಿಸ್ಟಿಂಕ್ಷನ್.

"ನೋಡತ್ತಿ, ದಿನಾ ಸಕ್ಕರಿ, ಬೆಲ್ಲ ನನಗ ವಿಷ ಇದ್ದಂಗ. ಆದ್ರ ಒಮ್ಮೊಮ್ಮೆ..."

"ವಿಷ ಅಂದ್ಯಲ್ಲ, ಸಾಕು. ಮುಂದ ಹೇಳಬ್ಯಾಡ, ನನ್ನ ಎದಿ ಒಡೀತೈತಿ."

"ಪೂರಾ ಕೇಳು ಅತ್ತಿ..."

"ತಿಳೀತವ್ವಾ. ನಾ ಅದೀನಿ."

ಮರುದಿನ ಬೆಳಿಗ್ಗೆ ಸಕ್ಕರೆ ಡಬ್ಬಿ ಇರಲಿಲ್ಲ. ಬೆಲ್ಲದ ಪೆಂಟೆ ಇರಲಿಲ್ಲ. ಎಲ್ಲವನ್ನೂ ಓಣಿಯ ತುದಿಯ ಮನೆಗೆ ಸಾಗಿಸಿಬಿಟ್ಟಿದ್ದಳು. ಒಬ್ಬಳನ್ನು ಬಿಟ್ಟು ಉಳಿದವರು ಸಿಹಿ ತಿಂದರೆ ಅದೆಂಥ ಮನೆ ಎನ್ನುವುದು ಅವಳ ವಾದ. ಹಾಗಾಗಿ ಎಲ್ಲರಿಗೂ ಸಪ್ಪನ ಚಹಾ. ಶಾಂತವ್ವ ಒಂದು ಗುಟುಕು ಕುಡಿದು, "ಅಕ್ಕಾರ, ನಿಮಗ ಬ್ಯಾನಿ ಬಂದು ಎಷ್ಟು ವರ್ಷಾತ್ರಿ?" ಎಂದು ಕೇಳಿದಳು.

"ಹದಿನೈದು."

"ನನಗ ಇವತ್ತ ಬಂತು ನೋಡ್ರಿ."

ಅವಳ ಇಬ್ಬರು ಮಕ್ಕಳಂತೂ ನನ್ನನ್ನು ಕಂಸನನ್ನು ನೋಡಿದ ಹಾಗೆ ನೋಡುತ್ತಿದ್ದರು.

ಇನ್ಸುಲಿನ್ ಇಡಲು ಫ್ರಿಜ್ ಇರಲಿಲ್ಲ. ಚಳಿಗಾಲವಾದ್ದರಿಂದ ಹೆದರಿಕೆ ಇರಲಿಲ್ಲ. ಒದ್ದೆ ಬಟ್ಟೆ ಸುತ್ತಿ ನೀರಿನ ಹರವಿಯ ಪಕ್ಕ ಸಣ್ಣ ಗಡಿಗೆಯಲ್ಲಿ ಇಡುತ್ತಿದ್ದೆವು. ಒಂದು ಮಂಗಳವಾರ ತೆಗೆದು ನೋಡಿದರೆ ಬಾಟಲಿಯ ಹಣೆಗೆ ಕುಂಕುಮ. ತನ್ನ ತಮ್ಮನ ಮಗಳನ್ನು ಇಷ್ಟು ವರ್ಷ ಕಾಯ್ದ, ಹೆಬ್ಬೆರಳಿನಷ್ಟು ದೊಡ್ಡ ಬಾಟಲಿಗೆ ಒಂದು ಬೊಟ್ಟು ಕುಂಕುಮ ಹೆಚ್ಚಾಯಿತೇ ಎಂದು ಅತ್ತಿ ಕೇಳಿದಳು. ನಾನು ಸ್ಪಿರಿಟ್ಟಿನಲ್ಲಿ ಒರೆಸಿ ಚುಚ್ಚಿಕೊಂಡೆ. ಆದರೆ ಸೂಜಿ ಹೊರಗೆ ಬಂದ ಕೂಡಲೇ ಅತ್ತಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. "ಆತೇನು? ಆತೇನು?" ಎಂದು ಗೋಡೆಯನ್ನು ಕೇಳುತ್ತಿದ್ದಳು.

ಊಟದ ಹೊತ್ತಿನ ಕಷ್ಟ ಬೇರೆ. ಕಿಸುಮುವಿನಲ್ಲಿ ಮೆಕ್ಕೆಜೋಳದ ಮುದ್ದೆ, ಸೊಪ್ಪಿನ ಪಲ್ಯ ನಡುವೆ ಇಟ್ಟು, ಕೈಗೆ ನೀರು ಹಾಕಿ, ಮನೆಯವರು ಸುಮ್ಮನಾಗುತ್ತಾರೆ. ಎಷ್ಟು ಬೇಕೋ ಅಷ್ಟು ಮುರಿದುಕೊಳ್ಳಬಹುದು. ನೀಲತ್ತಿಯ ಮನೆಯಲ್ಲಿ ಊಟವೆಂದರೆ ಕುಸ್ತಿ. ಎರಡು ರೊಟ್ಟಿ ಸಾಕೆಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಮೂರನೆಯ ರೊಟ್ಟಿ ಬಂದು ಬೀಳುತ್ತಿತ್ತು. "ಇದು ಸಿಹಿ ಅಲ್ಲಲ್ಲ! ರೊಟ್ಟಿಗೇನ ಆಗೂದಿಲ್ಲ!" ರೊಟ್ಟಿಯೂ ಹೊಟ್ಟೆಯಲ್ಲಿ ಹೋಗಿ ಸಕ್ಕರೆಯೇ ಆಗುತ್ತದೆ ಎಂದರೆ ಶಾಂತವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಹಂಗಾರ ನಾವು ಇಷ್ಟು ದಿನಾ ಸಕ್ಕರಿ ತಗೊಂಡು ರೊಕ್ಕಾ ಹಾಳ ಮಾಡಿದ್ವಿ ಬಿಡ್ರಿ!"

ಹಿತ್ತಲು

ಆಗ ಬೆರಳು ಚುಚ್ಚಿ ನೋಡುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಗಾಜಿನ ನಳಿಗೆಯಲ್ಲಿ ಐದು ಹನಿ ಮೂತ್ರ, ಸ್ವಲ್ಪ ನೀರು, ಮೇಲೆ ಒಂದು ಗುಳಿಗೆ. ಗುಳಿಗೆ ಬಿದ್ದ ಕೂಡಲೇ ಬೆಂಕಿಯಿಲ್ಲದೆ ನೀರು ತಾನಾಗಿಯೇ ಕೊತಕೊತ ಕುದಿಯುತ್ತದೆ. ನಿಂತ ಮೇಲೆ ಬಣ್ಣ ನೋಡಬೇಕು: ನೀಲಿ ಉಳಿದರೆ ಸಕ್ಕರೆ ಇಲ್ಲ, ಹಸಿರು, ಹಳದಿ ದಾಟಿ ಇಟ್ಟಂಗಿ ಬಣ್ಣಕ್ಕೆ ಹೋದರೆ ಅತಿಯಾಗಿದೆ.

ಬಹಳ ಗುಟ್ಟಾಗಿ ಹಿತ್ತಲ ಮೂಲೆಯಲ್ಲಿ ಮಾಡುತ್ತಿದ್ದೆ. ಎರಡನೆಯ ದಿನವೇ ಪಕ್ಕದ ಮನೆಯ ಗೋಡೆಯ ಮೇಲೆ ಎರಡು ತಲೆ ಕಂಡವು. ನಾಲ್ಕನೆಯ ದಿನಕ್ಕೆ ಆರು. ಬೆಂಕಿಯಿಲ್ಲದೆ ಕುದಿಯುವ ನೀರನ್ನು ಓಣಿಯ ಹೆಂಗಸರು ಬಿಡುವುದುಂಟೇ? ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು. ನಾನಂತೂ ಒಂದು ವಾರಕ್ಕೆ ನಾಚಿಕೆ ಬಿಟ್ಟೆ.

"ಇವತ್ತೇನ ಬಣ್ಣಾರೀ?" ಗೋಡೆಯ ಆಚೆಯಿಂದ ಪ್ರಶ್ನೆ.

"ಗಿಣಿ ಹಸರ!" ಶಾಂತವ್ವನ ವರದಿ.

"ಅಯ್ಯ, ನಿನ್ನಿ ನೀಲಿ ಇತ್ತಲ್ಲ? ಏನ ತಿನಿಸಿದ್ರಿ?"

ನೀಲಿ ಬಂದ ದಿನ ಅತ್ತಿಯ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ತಾನೇ ಪರೀಕ್ಷೆ ಪಾಸಾದವಳ ಹಾಗೆ ಓಣಿಯಲ್ಲಿ ಓಡಾಡುತ್ತಿದ್ದಳು. ಪೂರಾ ನೀಲಿ ಯಾವಾಗಲೂ ಒಳ್ಳೆಯದಲ್ಲ, ಅದು ಕುಸಿಯುತ್ತಿರುವ ಸಕ್ಕರೆಯೂ ಇರಬಹುದು ಎಂದು ನಾನು ಹೇಳಿದ್ದನ್ನು ಆ ಸಂಭ್ರಮದಲ್ಲಿ ಕೇಳುವವರು ಯಾರು?

ಹೊಲದ ದಾರಿ

ಎಳ್ಳಮಾಸಿ ಬಂತು. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ನಡುವೆ ಅನ್ನ ಚೆಲ್ಲಿ, ಆಮೇಲೆ ತಾವು ಉಣ್ಣುವ ಹಬ್ಬ. ಚೆಲ್ಲುವುದಕ್ಕೆ ಚರಗ ಅನ್ನುತ್ತಾರೆ. ಅಪ್ಪ ಇದನ್ನು ಎಷ್ಟು ಸಲ ಬಣ್ಣಿಸಿದ್ದರೆಂದರೆ ನಾನು ಇಡೀ ತಿಂಗಳನ್ನೇ ಈ ಒಂದು ದಿನಕ್ಕಾಗಿ ಆರಿಸಿಕೊಂಡಿದ್ದೆ.

ಅಡಿಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರು. ಮತ್ತು ಹೋಳಿಗೆ. ಹಬ್ಬಕ್ಕೆ ಹೋಳಿಗೆ ಬೇಕೇ ಬೇಕು. ಬೆಲ್ಲ ಮಾತ್ರ ಕೂಡದು. ನೀಲತ್ತಿ ಕಡಲೆಬೇಳೆ ರುಬ್ಬಿ, ಉಪ್ಪು ಹಾಕಿ, ಏಲಕ್ಕಿ ಹಾಕಿ ಹೋಳಿಗೆ ಮಾಡಿದಳು. ಉಪ್ಪಿನ ಹೋಳಿಗೆ! ಶಾಂತವ್ವನ ಮಗಳು ಒಂದು ತುಂಡು ಬಾಯಿಗಿಟ್ಟು, ಅದನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅವ್ವನ ಮುಖ ನೋಡಿದಳು. ಹಬ್ಬದ ದಿನ ಉಗುಳುವ ಹಾಗಿಲ್ಲ.

"ಭೂಮಿತಾಯಿ ಏನ ಅಂದಾಳು?" ಮಾಮಾ ಮೆಲ್ಲಗೆ ಕೇಳಿದ.

"ಆಕೀನೂ ಹೆಣ್ಣು. ತಿಳಕೊಂತಾಳ," ಎಂದಳು ಅತ್ತಿ. ಅಲ್ಲಿಗೆ ಚರ್ಚೆ ಮುಗಿಯಿತು.

ನಾನು ಚುಚ್ಚಿಕೊಂಡು ಉಣ್ಣಲು ಕೂತರೆ ಅತ್ತಿ ಅರ್ಧ ರೊಟ್ಟಿ ಮಾತ್ರ ಕೊಟ್ಟಳು. ದಿನಾ ಕೈಯ ಮೇಲೆ ರೊಟ್ಟಿ ಎಸೆಯುವವಳು! "ಹೊಲದಾಗ ಉಣ್ಣೂದೈತಿ, ಹೊಟ್ಟಿ ಖಾಲಿ ಇಟ್ಕೋ. ಈಗ ಹೋಗ್ತೀವಿ, ಉಣ್ತೀವಿ." ಹೊಲ ಹತ್ತಿರವೇ. ಚೀಲದಲ್ಲಿ ಬಾರ್ಲಿ ಶುಗರ್ ಮಿಠಾಯಿಯ ಡಬ್ಬಿ ಇದ್ದೇ ಇದೆ, ಇಂಥ ಹೊತ್ತಿಗೆಂದೇ ಹದಿನೈದು ವರ್ಷದಿಂದ ಜೊತೆಗಿರುವುದು. ನಾನು ಒಪ್ಪಿದೆ.

ಆದರೆ ಎಳ್ಳಮಾಸಿಯ ದಿನ ಆ ದಾರಿಯಲ್ಲಿ ಊರಿನ ಚಕ್ಕಡಿಗಳೆಲ್ಲ ಇರುತ್ತವೆ ಎಂದು ನನಗೇನು ಗೊತ್ತು? ಮುಂದಿನ ಚಕ್ಕಡಿ ನಿಂತರೆ ಹಿಂದಿನದೂ ನಿಲ್ಲಬೇಕು, ಮತ್ತು ಮುಂದಿನ ಚಕ್ಕಡಿ ನಿಲ್ಲುತ್ತಿದ್ದುದೇ ನನ್ನನ್ನು ನೋಡುವುದಕ್ಕೆ.

"ನೀಲವ್ವಾ, ಇಕಿ ಏನ ನಿನ್ನ ಆಫ್ರಿಕಾದ ಸೊಸಿ?"

"ಹೌದ. ನಮ್ಮ ತಮ್ಮನ ಮಗಳು."

"ಹುಲಿ ನೋಡ್ಯಾಳೇನು?"

"ಅಲ್ಲಿ ಹುಲಿ ಇಲ್ರಿ, ಸಿಂಹ ಅದಾವು," ಎಂದೆ.

"ಮತ್ತ ಹುಲಿ ಎಲ್ಲಿ ಹೋದುವು?"

ಇದಕ್ಕೆ ಉತ್ತರ ಕೊಡಲು ಐದು ನಿಮಿಷ. ಮುಂದಿನ ಚಕ್ಕಡಿಗೆ ಮತ್ತೆ ಮೊದಲಿನಿಂದ. ನಾನು ಬಹಳ ಖುಷಿಯಲ್ಲಿದ್ದೆ ಎಂಬುದು ನಿಜ. ಎರಡೂ ಕಡೆ ಆಳೆತ್ತರದ ಬಿಳಿಜೋಳ, ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನಲ್ಲಿ ಹಳದಿ ಕುಸುಬೆ ಹೂ, ಕರಿಮಣ್ಣಿನ ವಾಸನೆ. ಅಪ್ಪ ಹೇಳಿದ್ದ ಹೊಲಗಳ ಹೆಸರು ಹೇಳುತ್ತ ಹೋದೆ, ಮಾಮಾ ಬಾರುಕೋಲಿನಿಂದ ಒಂದೊಂದನ್ನೂ ತೋರಿಸುತ್ತ ಹೋದ. ಹಸಿವಿನ ಕಡೆ ಗಮನವೇ ಇರಲಿಲ್ಲ.

ಬನ್ನಿ ಗಿಡದ ಕೆಳಗೆ

ಹೊಲದ ನಡುವೆ ಬನ್ನಿ ಗಿಡ. ಅದರ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಇವರೇ ಪಾಂಡವರು ಎಂದು ಪೂಜೆ ಮಾಡುತ್ತಾರೆ. ಪೂಜೆ ಆಗಿ, ಎಡೆ ಆಗಿ, ಹೊಲದ ಸುತ್ತ ಚರಗ ಚೆಲ್ಲಿ ಬರುವ ತನಕ ಯಾರೂ ಒಂದು ಅಗಳೂ ಬಾಯಿಗೆ ಹಾಕುವ ಹಾಗಿಲ್ಲ.

ಅತ್ತಿ ಇನ್ನೂ ಸುಣ್ಣ ಕಲಸುತ್ತಿದ್ದಳು. ನನ್ನ ಮೇಲ್ದುಟಿ ಬೆವರಿತು. ಚಳಿಗಾಲ, ತಂಪು ಗಾಳಿ, ಬೆವರು ಬರಬಾರದು. ಓ, ಅಂದುಕೊಂಡೆ. ಚೀಲಕ್ಕೆ ಕೈ ಹಾಕಿದೆ. ಮಿಠಾಯಿ ಡಬ್ಬಿಯ ತಣ್ಣನೆಯ ತಗಡು ಕೈಗೆ ಸಿಗಲಿಲ್ಲ. ಅದರ ಜಾಗದಲ್ಲಿ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಉಪ್ಪು ಹಚ್ಚಿ ಹುರಿದ ಶೇಂಗಾ.

ಆ ಶೇಂಗಾದ ಕಡೆ ಎಷ್ಟು ಹೊತ್ತು ನೋಡುತ್ತ ಕೂತೆನೋ. ಸಕ್ಕರೆ ಕುಸಿದಾಗ ಬುದ್ಧಿಯೂ ಕುಸಿಯುತ್ತದೆ. ಏನೋ ಮಾಡಬೇಕು ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಮುಂದಿನದು ನನಗೆ ಅರ್ಧ ಮಾತ್ರ ನೆನಪು, ಉಳಿದರ್ಧ ಶಾಂತವ್ವ ಆಮೇಲೆ ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದು.

ನಾನು ಎದ್ದು ಹೋಗಿ ಪಾಂಡವರ ಮುಂದೆ ನಿಂತೆನಂತೆ. ಸಿಸ್ಟರ್‌ಗಳ ದನಿಯಲ್ಲಿ, "ಸಿಟ್ ಅಪ್ ಸ್ಟ್ರೇಟ್, ಗರ್ಲ್ಸ್!" ಎಂದು ಆ ಐದೂ ಕಲ್ಲುಗಳನ್ನು ಗದರಿಸಿದೆನಂತೆ. ಧರ್ಮರಾಯನ ಉಗುರು ಕೊಳೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಬೈದೆನಂತೆ.

"ಅತ್ತಿ, ಅಕ್ಕಾರಿಗೆ ಗಾಳಿ ಆತ್ರಿ!" ಶಾಂತವ್ವ ಚೀರಿದಳು.

"ಇಂಗ್ಲೀಷಿನ್ಯಾಗ ಮಾತಾಡೂ ಗಾಳಿ ನಮ್ಮ ಹೊಲದಾಗ ಎಲ್ಲಿಂದ ಬರಬೇಕು?" ಎಂದಳು ಅತ್ತಿ. ಓಡಿ ಬಂದು ನನ್ನ ತೋಳು ಹಿಡಿದಳು. ನನ್ನ ರವಿಕೆ ಒದ್ದೆಮುದ್ದೆ, ಮೈ ನಡುಗುತ್ತಿತ್ತು. ಅಲ್ಲೇ ಕುಸಿದು ಕೂತೆ. ಕೊನೆಗೆ ಎಲ್ಲಿಂದಲೋ ಒಂದು ಕನ್ನಡದ ಪದ ಬಾಯಿಗೆ ಬಂತು.

"ಬೆಲ್ಲ..."

ಅತ್ತಿಯ ಮುಖ ಹೆಮ್ಮೆಯಿಂದ ಅರಳಿತು. "ಹೆದರಬ್ಯಾಡ ನನ ಕೂಸ! ಒಂದು ಹಳಕ ಸೈತ ತಂದಿಲ್ಲ!"

"ಬೆಲ್ಲ ಬೇಕು ಅತ್ತಿ."

"ಹಠ ಮಾಡಬಾರ್ದವ್ವಾ. ನಿನಗದು ವಿಷ."

"ಬೆಲ್ಲ ಕೊಡು... ಇಲ್ಲಾಂದ್ರ ಸಾಯ್ತೀನಿ."

ಅತ್ತಿ ನನ್ನ ಮುಖ, ಬುಟ್ಟಿ, ಉಪ್ಪಿನ ಹೋಳಿಗೆ ಎಲ್ಲವನ್ನೂ ಒಂದಾದ ಮೇಲೊಂದು ನೋಡಿದಳು. ಏನನ್ನು ಮನೆಯಿಂದ ಹೊರಗೆ ಹಾಕಿದ್ದಳೋ ಅದೇ ಈಗ ಬೇಕು ಎಂದು ಅವಳಿಗೆ ಹೊಳೆದದ್ದು ಆಗ. ಊರಿಗೆ ಹೋಗಿ ಬರುವಷ್ಟು ಹೊತ್ತು ಇರಲಿಲ್ಲ. "ಶಾಂತಾ, ಓಡು! ಯಾರ ಬುತ್ತ್ಯಾಗರ ಹೋಳಿಗಿ ಇದ್ರ ತಗೊಂಡ ಬಾ!" ಎಂದು ಚೀರಿದಳು.

ಅಷ್ಟರಲ್ಲಿ ಮಾಮಾ ಚಕ್ಕಡಿಯ ಕಡೆ ನಡೆದಿದ್ದ. ಮೇವಿನ ಚೀಲದೊಳಗೆ ಮೊಣಕೈ ತನಕ ಕೈ ಹಾಕಿ, ಹೆಂಡತಿಯ ಕಡೆ ನೋಡದೆ, ಒಂದು ಕೂಸಿನ ಮುಷ್ಟಿಯಷ್ಟು ದೊಡ್ಡ ಕರಿಬೆಲ್ಲದ ಹೆಂಟೆ ಹೊರಗೆ ತೆಗೆದ. ಹೊಟ್ಟು ಮೆತ್ತಿತ್ತು. ಧೋತರದ ಚುಂಗಿನಿಂದ ಒರೆಸಿ, ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿ ನನ್ನ ಬಾಯಿಗೆ ಹಾಕಿದ. ಯಾವ ಪಾಂಡವನ ತಲೆಯ ಮೇಲೆ ಕುಟ್ಟಿದ ಎಂಬುದರ ಬಗ್ಗೆ ಶಾಂತವ್ವನಿಗೂ ಮಾಮಾನಿಗೂ ಕೊನೆತನಕ ಒಮ್ಮತ ಬರಲಿಲ್ಲ.

ಆ ಬೆಲ್ಲದ ರುಚಿ ಹೇಗಿತ್ತು ಎಂದು ಬರೆಯಲು ನನಗೆ ಎರಡು ಭಾಷೆಯಲ್ಲೂ ಬರುವುದಿಲ್ಲ. ಜೋಳದ ಹೊಟ್ಟು, ಎತ್ತಿನ ವಾಸನೆ, ಬಿಸಿಲು, ಎಲ್ಲ ಇತ್ತು ಅದರಲ್ಲಿ. ಇನ್ನೊಂದು ಚೂರು, ಮತ್ತೊಂದು ಚೂರು. ಸ್ವಲ್ಪ ಹೊತ್ತಿಗೆ ಬನ್ನಿಯ ಎಲೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು. ಮೊದಲು ಕಂಡ ಮನುಷ್ಯರ ಮುಖ ಅತ್ತಿಯದು. ಅದು ನನ್ನ ಕಡೆ ಇರಲಿಲ್ಲ.

"ಅಂದ್ರ ನೀವು," ಎಂದಳು ಗಂಡನಿಗೆ, "ನನ್ನ ಕದ್ದು ಬೆಲ್ಲ ಇಟ್ಟಿದ್ರಿ."

"ಬಸ್ಯಾಗ ತಂದಿದ್ದೆ."

"ಮನ್ಯಾಗ ಯಾರೂ ತಿನ್ನಬಾರದು ಅಂದಿದ್ನಿಲ್ಲೋ?"

"ಮನ್ಯಾಗಿನ ಮಾತು ಮನುಷ್ಯಾರಿಗೆ," ಎಂದ ಮಾಮಾ. "ಹಬ್ಬದ ದಿನ ಎತ್ತಿನ ಬಾಯಿ ಸಿಹಿ ಮಾಡದ ನಾ ಎಂದೂ ನೊಗ ಹೂಡಿಲ್ಲ. ಅದಕ್ಕೇನ ಸಕ್ಕರಿ ಬ್ಯಾನಿ ಐತೇನು?"

ಶಾಂತವ್ವನಿಗೆ ಮೊದಲು ನಗು ಬಂತು. ಆಮೇಲೆ ನನಗೆ. ಅತ್ತಿ ಅಳಲು ಬಾಯಿ ತೆರೆದವಳು ನಗತೊಡಗಿ, ನಗುತ್ತಲೇ ಅತ್ತಳು. ಮತ್ತೆ ಆ ದಿನ ಅವಳು ಇನ್ನೊಂದು ಕೆಲಸ ಮಾಡಿದಳು. ಎಡೆ ಹಿಡಿಯುವ ಮೊದಲು, ಚರಗ ಚೆಲ್ಲುವ ಮೊದಲು, ಬುಟ್ಟಿಯ ಬಟ್ಟೆ ತೆಗೆದು ಮೇಲಿನ ಸಜ್ಜಿ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ತಿನ್ನು. ಭೂಮಿತಾಯಿಗೆ ನಾ ಹೇಳ್ತೀನಿ."

ಮಾಮಾ ಹೊಲದ ಸುತ್ತ ಚರಗ ಚೆಲ್ಲುತ್ತ, "ಹುಲ್ಲುಲ್ಲಿಗೋ..." ಎಂದು ಕೂಗಿದ. ನಾವೆಲ್ಲ ಕೂತಲ್ಲಿಂದ, "ಸಲಾಂಬ್ರಿಗೋ!" ಎಂದೆವು. ಚರಗದ ಈ ಕೂಗನ್ನೇ ಅಪ್ಪ ಕಿಸುಮುವಿನಲ್ಲಿ ಸ್ನಾನದ ಮನೆಯೊಳಗಿಂದ ಕೂಗುತ್ತಿದ್ದರು. ಆ ದಿನ ಬಸ್ಯಾ ಮತ್ತು ಕರಿಯಾ ಉಪ್ಪಿನ ಹೋಳಿಗೆ ತಿಂದರು. ಬಸ್ಯಾ ಒಮ್ಮೆ ಮೂಸಿ, ಮಾಮಾನ ಮುಖ ನೋಡಿ, ದಾಕ್ಷಿಣ್ಯಕ್ಕೆ ತಿಂದ.

ಮರುದಿನ

ಮರುದಿನ ಎದ್ದು ನೋಡಿದರೆ ನನ್ನ ಟ್ರಂಕ್ ಬಾಗಿಲ ಹತ್ತಿರ ಇತ್ತು. ಅದರ ಮೇಲೆ ಮಿಠಾಯಿ ಡಬ್ಬಿ. ಅತ್ತಿ ಹೊಸ್ತಿಲ ಮೇಲೆ ಕೂತಿದ್ದಳು.

ಡಬ್ಬಿಯನ್ನು ಅವಳು ಎರಡು ದಿನದ ಹಿಂದೆಯೇ ಕಂಡಿದ್ದಳು. ಕಾಲು ಕಳೆದುಕೊಂಡ ಆ ಹಿರಿಯರೂ ದಿಂಬಿನ ಕೆಳಗೆ ಪೇಢೆ ಇಟ್ಟುಕೊಳ್ಳುತ್ತಿದ್ದರಂತೆ. ತಮ್ಮನ ಮಗಳಿಗೂ ಅದೇ ಚಟ ಎಂದುಕೊಂಡು, ಕೇಳಿದರೆ ನನಗೆ ಅವಮಾನವಾದೀತೆಂದು, ಯಾರಿಗೂ ಹೇಳದೆ ತೆಗೆದು ಶೇಂಗಾ ಇಟ್ಟಿದ್ದಳು. ಬಾಯಿಚಪಲಕ್ಕೆ ಇರಲಿ ಎಂದು ಉಪ್ಪು ಹಚ್ಚಿ ಹುರಿದಿದ್ದಳು ಬೇರೆ.

"ಇವತ್ತಿನ ಗಾಡಿಗೆ ನಡಿ ತಂಗಿ. ನಿನ್ನ ಗಂಡಗ ಮಾತು ಕೊಟ್ಟೀನಿ ಅಂತ ನೀನ ಹೇಳಿದ್ದಿ. ನಿನ್ನ ಕಾಯೂ ಶಕ್ತಿ ನನಗಿಲ್ಲ. ನನ್ನ ಕೈಯಾರೆ ನಿನ್ನ..."

"ನಾ ಹೋಗೂದಿಲ್ಲ," ಎಂದೆ.

"ಹೋಗಬೇಕು."

ದನದ ಕೊಟ್ಟಿಗೆಯಿಂದ ಮಾಮಾನ ದನಿ ಬಂತು. "ಎತ್ತು ಒಮ್ಮೆ ಎಡವಿತಂತ ಸಂತಿಗೆ ಹೊಡಕೊಂಡ ಹೋಗ್ತಾರೇನು?"

ಅತ್ತಿ ಟ್ರಂಕನ್ನು ಮತ್ತೆ ಒಳಗೆ ಎಳೆದಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರು ಕಾಲು ಮಡಚಿ ಕೂತಳು. "ಹಂಗಾರ ಕಲಸು ನನಗ. ಮೊದಲಿಂದ ಹೇಳು. ಈ ಸಲ ನಡುವ ಬಾಯಿ ಹಾಕೂದಿಲ್ಲ."

ನಡುವೆ ಬಾಯಿ ಹಾಕದಿರಲು ಅವಳು ಪಟ್ಟ ಕಷ್ಟ ನೋಡಬೇಕಿತ್ತು. ಎರಡೂ ತುಟಿಗಳನ್ನು ಬೆರಳಿನಿಂದ ಹಿಡಿದುಕೊಂಡಿದ್ದಳು. ಕೇಳಿ ಮುಗಿಸಿ ಒಂದೇ ಮಾತು ಹೇಳಿದಳು: "ಅಂದ್ರ ಸಕ್ಕರಿ ವಿಷ ಅಲ್ಲ. ಅಳತಿ ತಪ್ಪೂದು ವಿಷ." ಹದಿನೈದು ವರ್ಷದಿಂದ ನನಗೆ ಡಾಕ್ಟರುಗಳು ಹೇಳಿದ್ದರ ಸಮ್ಮರಿ ಅದು.

ಆ ದಿನದಿಂದ ನನ್ನ ಪಾಲಿನ ರೊಟ್ಟಿಗೆ ಹಿಟ್ಟನ್ನು ಒಂದೇ ಬಟ್ಟಲಿನಲ್ಲಿ ಅಳೆದಳು. ಚುಚ್ಚಿಕೊಳ್ಳುವುದಕ್ಕೆ ಮೊದಲು ತಾಟು ಹಾಕಿಡುವಳು. ಗೋಡೆಯ ಕಡೆ ತಿರುಗುವುದನ್ನು ಬಿಟ್ಟು ಒಂದೇ ಕಣ್ಣು ಮುಚ್ಚಿ ನೋಡತೊಡಗಿದಳು. ಕೆರೆಗೆ ಬಟ್ಟೆ ಒಗೆಯಲು ಹೋದ ದಿನ ಅರ್ಧ ರೊಟ್ಟಿ ಹೆಚ್ಚು; ಮಳೆಮೋಡ ಹಾಕಿ ಸುಮ್ಮನೆ ಹರಟೆ ಹೊಡೆದ ದಿನ ಕಡಿಮೆ. ಮಾತಾಡುತ್ತಲೇ ಅವಳ ಕಣ್ಣು ಬಂದು ನನ್ನ ಮೇಲ್ದುಟಿಯ ಮೇಲೆ ಕೂತಿರುತ್ತಿತ್ತು. ಸಕ್ಕರೆ ಡಬ್ಬಿ ಮನೆಗೆ ಬಂತು. ಶಾಂತವ್ವ ಮೊದಲ ಸಿಹಿ ಚಹಾ ಕುಡಿದು ಕಣ್ಣು ಮುಚ್ಚಿ ಕೂತುಬಿಟ್ಟಳು. ಹಿತ್ತಲಲ್ಲಿ ಪೂರಾ ನೀಲಿ ಬಂದ ದಿನ ಸಂಭ್ರಮಿಸಲು ಹೊರಟ ಓಣಿಯ ಹೆಂಗಸರನ್ನು ಅತ್ತಿಯೇ ಗದರಿಸಿದಳು. "ಬರೇ ನೀಲಿ ನೋಡಿ ಕುಣೀಬ್ಯಾಡ್ರಿ. ಆಕಿ ಮಾರಿ ನೋಡ್ರಿ ಮೊದಲ."

ಒಂದು ಭಾನುವಾರ ನನ್ನ ತಾಟಿನಲ್ಲಿ ಒಂದೇ ರೊಟ್ಟಿ ಇತ್ತು. ಉಳಿದುದರ ಜಾಗದಲ್ಲಿ ಒಂದು ಹೋಳಿಗೆ, ಖರೇ ಹೋಳಿಗೆ, ಮೇಲೆ ತುಪ್ಪ. "ಅಳತಿ ಮಾಡೇನಿ. ತಿನ್ನು," ಎಂದಳು. ಹದಿನೇಳನೆಯ ವಯಸ್ಸಿನ ನಂತರ ನಾನು ತಿಂದ ಮೊದಲ ಹೋಳಿಗೆ ಅದು, ಕದ್ದಲ್ಲ, ಹೆದರಿಕೊಂಡಲ್ಲ. ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಿದ್ದರು. ಸಂಜೆ ಬಣ್ಣ ಎಲೆ ಹಸಿರಿನಲ್ಲೇ ನಿಂತಿತು. ಗೋಡೆಯ ಆಚೆಯಿಂದ ಚಪ್ಪಾಳೆ.

ವಸಂತನಿಗೆ ನಿಜವನ್ನೇ ಬರೆದು ಹಾಕಿದೆ: ಬಿದ್ದೆ, ಎದ್ದೆ, ಮಾತು ಮುರಿದು ಇಲ್ಲೇ ಉಳಿದಿದ್ದೇನೆ ಎಂದು. ಆ ಕಾಗದ ಕಿಸುಮು ಮುಟ್ಟುವ ಮೊದಲು ನಾನೇ ಮುಟ್ಟಿದ್ದೆ.

ಮತ್ತೆ ಸ್ಟೇಷನ್

ತಿಂಗಳು ಪೂರ್ತಿ ಮುಗಿಸಿಯೇ ಹೊರಟೆ. ಅಣ್ಣಿಗೇರಿ ಸ್ಟೇಷನ್ನಿಗೆ ಎಲ್ಲರೂ ಬಂದರು. ರೈಲು ಬಂದ ಕೂಡಲೇ ಅತ್ತಿ ನನಗಿಂತ ಮೊದಲು ಡಬ್ಬಿ ಹತ್ತಿದಳು. ನಾನು ಜಾಗ ಹಿಡಿಯಲು ಹೋಗಿದ್ದಾಳೆ ಎಂದುಕೊಂಡೆ. ಅವಳು ಒಬ್ಬೊಬ್ಬ ಪ್ರಯಾಣಿಕರ ಮುಂದೆಯೂ ನಿಂತು ಹೇಳುತ್ತ ಹೋಗುತ್ತಿದ್ದಳು. "ಇಕಿ ನನ್ನ ತಮ್ಮನ ಮಗಳು. ಇಕಿಗೆ ಬೆವರು ಬಂದ್ರ, ಇಂಗ್ಲೀಷ್ ಮಾತಾಡಿದ್ರ..."

"ಅತ್ತಿ, ನಾ ಯಾವಾಗ್ಲೂ ಇಂಗ್ಲೀಷ್ ಮಾತಾಡ್ತೀನಿ!"

"ನೀ ಸುಮ್ಮನಿರು. ಸಿಟ್ಟಿಲೆ ಇಂಗ್ಲೀಷ್ ಮಾತಾಡಿದ್ರ ಏನೂ ಕೇಳಬ್ಯಾಡ್ರಿ. ಬಾಯಾಗ ಸಕ್ಕರಿ ಹಾಕ್ರಿ. ಒಲ್ಲೆ ಅಂದ್ರೂ ಹಾಕ್ರಿ."

ಬುಟ್ಟಿ ಹೊತ್ತ ಒಬ್ಬ ಹೆಂಗಸು ಗಂಭೀರವಾಗಿ ತಲೆಯಾಡಿಸಿದಳು. ಕರಿ ಕೋಟಿನ ಒಬ್ಬರು ಪೇಪರ್ ಮಡಿಚಿಟ್ಟು ಪೂರ್ತಿ ಕೇಳಿಸಿಕೊಂಡರು. ಮಾಮಾ ಕಿಟಕಿಯ ಹೊರಗಿನಿಂದ, "ಇಳೀ ಇನ್ನ, ಇಲ್ಲಾಂದ್ರ ನೀನೂ ಆಫ್ರಿಕಾಕ್ಕ ಹೋಗ್ತಿ," ಎಂದು ಕೂಗಿದ ಮೇಲೆ ಇಳಿದಳು. ಇಳಿದವಳು ನನ್ನ ಕಿಟಕಿಗೆ ಬರಲಿಲ್ಲ. ನೇರವಾಗಿ ಹಿಂದಿನ ಡಬ್ಬಿಯ ಕಡೆ ನಡೆದಳು. ತಲೆ ಹೊರಗೆ ಹಾಕಿ ನೋಡಿದರೆ ಹಸಿರು ನಿಶಾನೆ ಹಿಡಿದು ನಿಂತಿದ್ದ ಗಾರ್ಡಿನ ಕೋಟಿನ ತೋಳು ಅವಳ ಕೈಯಲ್ಲಿತ್ತು.

"ಅವ್ವಾರ, ಸಿಗ್ನಲ್ ಬಿದ್ದೈತ್ರಿ," ಎನ್ನುತ್ತಿದ್ದ ಆತ.

"ಬೀಳ್ಲಿ. ನಾ ಹೇಳಿದ್ದು ಒಮ್ಮೆ ತಿರುಗಿ ಹೇಳ್ರಿ ನೋಡೂಣು."

ಗಾರ್ಡು ನಿಶಾನೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆರಳು ಮಡಿಚುತ್ತ ಒಪ್ಪಿಸತೊಡಗಿದ. ಬೆವರು, ನಡುಕ, ಸಕ್ಕರಿ, ಆಮೇಲೆ ರೊಟ್ಟಿ. ನಡುವೆ ಏನೋ ತಪ್ಪಿದನೆಂದು ಕಾಣುತ್ತದೆ. ಅತ್ತಿ ತಲೆ ಅಲ್ಲಾಡಿಸಿ ಮತ್ತೆ ಮೊದಲಿನಿಂದ ಹೇಳಿಸಿದಳು. ಆಮೇಲೆಯೇ ತೋಳು ಬಿಟ್ಟಳು. ಆತ ಸೀಟಿ ಊದಿ ಓಡಿಹೋಗಿ ತನ್ನ ಡಬ್ಬಿ ಹತ್ತಿದ.

ಎರಡನೆಯ ಸಲ ನಾನು ಈ ದೇಶಕ್ಕೆ ಬರುವಷ್ಟರಲ್ಲಿ ನೀಲತ್ತಿ ಇರಲಿಲ್ಲ. ಅವಳನ್ನು ಕೊನೆಯ ಸಲ ನೋಡಿದ್ದು ಆವತ್ತೇ. ರೈಲು ಹೊರಟಿತು, ನಾನು ಕಿಟಕಿಯಿಂದ ಜೋರಾಗಿ ಕೈ ಬೀಸಿದೆ, ಕೂಗಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಕೊನೆಯ ಡಬ್ಬಿಯ ಗಾರ್ಡನ್ನೇ ದಿಟ್ಟಿಸುತ್ತಿದ್ದಳು, ಅವನ ತುಟಿ ಇನ್ನೂ ಅಲ್ಲಾಡುತ್ತಿದೆಯೋ ಇಲ್ಲವೋ ಎಂದು.